ರಿಯಾಕ್ಟರಿಗೆ ದೃಷ್ಟಿ

ರಾಣೇಬೆನ್ನೂರಿನಿಂದ ಬ್ಯಾಡಗಿಯವರೆಗೆ ಯಾರನ್ನೇ ಕೇಳಿ, ಕೆಮಿಕಲ್ ಕಾರ್ಖಾನೆಯ ರಿಯಾಕ್ಟರ್ ಎಂಬ ಕಬ್ಬಿಣದ ಹಂಡೆ ನಡೆಸುವುದರಲ್ಲಿ ಈ ಹುಲಿಗೇಶನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ನಾನು ವಾಲ್ವ್ ಮುಟ್ಟಿದರೆ ಅತ್ತ ಹಾವೇರಿಯ ಕರೆಂಟೂ ಉಸಿರು ಬಿಗಿಹಿಡಿಯುತ್ತದೆ. ಆದರೂ ಎರಡು ಬ್ಯಾಚು ಕೆಟ್ಟಿದ್ದವು.

ವೆನಿಲ್ಲಾ ವಾಸನೆಯ ಅಲ್ಡಿಹೈಡಿಗೆ ಅಮೋನಿಯಾ ಕೂಡಿಸಿ, ನಿಕ್ಕಲ್ ಪುಡಿಯ ಜೊತೆ ಹೈಡ್ರೋಜನ್ ಒತ್ತಡದಲ್ಲಿಟ್ಟು ಅಮೈನ್ ಎಂಬ ರಾಸಾಯನಿಕ ತೆಗೆಯುವುದು ನಮ್ಮ ಕೆಲಸ. ನೋವಿನ ಮುಲಾಮಿನ ಖಾರ ಅದರಿಂದಲೇ ತಯಾರಾಗುತ್ತದೆ. ಎರಡು ಸಲವೂ ಬಂದದ್ದು ಬರೀ ಅಂಟು. ಅದರ ಮೇಲೆ ಕೂತ ನೊಣವನ್ನು ಬಿಡಿಸಲು ಜೋಡೆತ್ತು ಕಟ್ಟಬೇಕಿತ್ತು. ಮೂರನೆಯದೂ ಕೆಟ್ಟರೆ ರಿಯಾಕ್ಟರು ಗುಜರಿಗೆ, ಕೆಮಿಸ್ಟ್ ಮಹೇಶ್ವರಿ ಮನೆಗೆ ಎಂದಿದ್ದರು ಮಾಲೀಕ ಪ್ರಭುಲಿಂಗಪ್ಪ.

“ಅಲ್ಡಿಹೈಡ್ ಒಮ್ಮೆಲೇ ಸುರದ್ವಿ. ಅದು ಅಮೋನಿಯಾ ಬಿಟ್ಟು, ಆಗಲೇ ತಯಾರಾಗಿದ್ದ ಅಮೈನಿಗೇ ಹೋಗಿ ಅಂಟ್ಕೊಂತು. ಈ ಸಲ ಹನಿಹನಿ ಬಿಡೂಣು, ಹುಲಿಗೇಶಣ್ಣ,” ಎಂದಳು ಮಹೇಶ್ವರಿ.

ಹನಿ ಬೀಳುತ್ತಿರುವಾಗಲೇ ಮಾಲೀಕರ ತಾಯಿ ಶೇಖವ್ವ ಬಂದರು. ಕೈಯಲ್ಲಿ ನಿಗಿನಿಗಿ ಕೆಂಡದ ಅಗ್ಗಿಷ್ಟಿಗೆ, ಸೆರಗಿನಲ್ಲಿ ಮೆಣಸಿನಕಾಯಿ.

“ಎರಡು ಸಲ ಕೆಡ್ತಂದ್ರ ಕಣ್ಣು ಬಿದ್ದೈತಿ. ಬಾಜೂಕ ಸರೀ, ದೃಷ್ಟಿ ತಗೀತೇನಿ.”

“ಅವ್ವಾರ, ಒಳಗ ಹೈಡ್ರೋಜನ್ ಐತ್ರಿ. ಕಿಡಿ ಬಿದ್ರ ಯಾರೂ ಉಳಿಯಂಗಿಲ್ಲ,” ಎಂದಳು ಮಹೇಶ್ವರಿ.

“ನೀ ಹುಟ್ಟೂಕಿಂತ ಮೊದ್ಲಿಂದ ಒಲಿ ಹಚ್ಚೇನಿ, ನನಗ ಬೆಂಕಿ ಕಲಸ್ತೀ?”

ಅಲ್ಲೇ ನಿಂತಿದ್ದ, ಊರನ್ನೇ ಗದರಿಸುವ ಪ್ರಭುಲಿಂಗಪ್ಪನವರ ಬಾಯಿಂದ “ಯವ್ವಾ...” ಎಂಬುದಕ್ಕಿಂತ ಹೆಚ್ಚು ಹೊರಡಲಿಲ್ಲ. ನನ್ನ ಪ್ರತಾಪವೆಲ್ಲ ಕಾಲಿಗಿಳಿದು, ಕಾಲು ಹಿಂದಿನ ಬಾಗಿಲು ಹುಡುಕುತ್ತಿತ್ತು.

ಮಹೇಶ್ವರಿ ಅಡ್ಡ ನಿಂತಳು.

“ಕಬ್ಬಿಣಕ್ಕ ಎಲ್ಲಿ ಕಣ್ಣು ಬೀಳತೈತ್ರಿ? ಬ್ಯಾಚ್ ಕೆಡಿಸಿದಾಕಿ ನಾನು. ಬಿದ್ದಿದ್ರ ನನಗ ಬಿದ್ದಿರ್ತೈತಿ. ಗೇಟಿನ ಹೊರಗ ಬರ್ರಿ, ನನಗ ತಗೀರಿ.”

ಶೇಖವ್ವ ಅವಳ ಮುಖವನ್ನು ಬಹಳ ಹೊತ್ತು ನೋಡಿ, “ಸೊರಗೀದಿ, ಖರೇ,” ಎಂದು ಹೊರಳಿದರು.

ಕಿಟಕಿಯಿಂದ ಕಂಡೆ: ಮಹೇಶ್ವರಿ ಮಣ್ಣಿನಲ್ಲೇ ಕೂತಳು. ಮೆಣಸಿನಕಾಯಿ ಅವಳ ತಲೆಯ ಸುತ್ತ ತಿರುಗಿ ಕೆಂಡಕ್ಕೆ ಬಿತ್ತು. ಘಾಟಿಗೆ ಇಬ್ಬರೂ ಕೆಮ್ಮಿದರು.

“ಹುಲಿಗೇಶ, ಅಲ್ಡಿಹೈಡ್ ಸ್ವಲ್ಪ ಲಗೂ ಬಿಡೋ,” ಎಂದರು ಮಾಲೀಕರು.

“ಇಲ್ರಿ ಸಾವ್ಕಾರ್ರ. ಆಕಿ ಬರೂತನಕ ಹನಿಹನೀನ.”

ಕೊನೆಯ ಕೆಂಡಕ್ಕೂ ನೀರು ಹಾಕಿಸಿಯೇ ಮಹೇಶ್ವರಿ ಎದ್ದದ್ದು. ಸಂಜೆ ಹೈಡ್ರೋಜನ್ ಒತ್ತಡ ಇಳಿಯುವುದು ನಿಂತಿತು, ಅಂದರೆ ಒಳಗಿನ ಕೆಲಸ ಮುಗಿದಿತ್ತು. ತೆಗೆದ ಸ್ಯಾಂಪಲ್ಲನ್ನು ಅವಳು ಮತ್ತೆ ಮತ್ತೆ ಪರೀಕ್ಷಿಸಿದಳು. ಅಮೈನೇ ಬಂದಿತ್ತು, ಅಂಟು ಹೆಸರಿಗಷ್ಟೇ. ಪ್ರಭುಲಿಂಗಪ್ಪ ಕುರ್ಚಿಯಲ್ಲಿ ಕುಸಿದರು.

“ನಾ ಹೇಳಿದ್ದಿಲ್ಲೇನು?” ಎಂದರು ಶೇಖವ್ವ.

ಮಹೇಶ್ವರಿ ಕೆಂಪಾದ ಕಣ್ಣು ಒರೆಸಿಕೊಂಡಳು. “ಹೌದ್ರಿ ಅವ್ವಾರ. ಪ್ರತೀ ಬ್ಯಾಚಿಗೂ ಬರ್ರಿ. ಗೇಟಿನ ಹೊರಗ ನಾ ಕುಂದ್ರತೇನಿ.”