ಅತ್ತೆಯ ಎದುರಾಳಿಗೆ ಬುದ್ಧಿ ಬಂದದ್ದು

ನಮ್ಮ ಮನೆಯ ಕಂಪ್ಯೂಟರಿಗೆ ಇಬ್ಬರು ಯಜಮಾನಿಯರು. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಆಟ ಮುಗಿಯುವವರೆಗೆ ಅದು ನಮ್ಮ ಅತ್ತೆಯದು, ಆಮೇಲೆ ನನ್ನದು. ಅತ್ತೆ ಅದರ ಜೊತೆ ಚದುರಂಗ ಆಡುತ್ತಾರೆ. ನಾನು ಅಂಗಡಿಯ ಬೋರ್ಡು, ಕರಪತ್ರ, ಡಬ್ಬಿಗೆ ಅಂಟಿಸುವ ಲೇಬಲ್ಲು ಇಂಥವನ್ನೆಲ್ಲ ಡಿಸೈನ್ ಮಾಡಿ ಪ್ರೆಸ್ಸಿಗೆ ಕಳಿಸುತ್ತೇನೆ. ಮನೆಯ ಮೂರನೆಯ ಜೀವ ನಮ್ಮವರು, ಅಂದರೆ ನನ್ನ ಗಂಡ. ಅವರಿಗೆ ಕಂಪ್ಯೂಟರ್ ಬೇಡ, ಅದನ್ನು ಬಿಚ್ಚಲು ಒಂದು ನೆಪ ಬೇಕು. ಲಿಫ್ಟ್ ಮೆಕ್ಯಾನಿಕ್ ಕೆಲಸ. ಎಲ್ಲಿ ಸ್ಕ್ರೂ ಕಂಡರೂ ಕೈ ಕಡಿಯುತ್ತದೆ.

ಕಂಪ್ಯೂಟರಿಗೆ ವಯಸ್ಸಾಗಿತ್ತು. ದೊಡ್ಡ ಫೈಲೊಂದನ್ನು ತೆರೆಯಲು ಹೇಳಿ, ನಾನು ಹೋಗಿ ಚಹಾ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಯೋಚಿಸುತ್ತಲೇ ಇರುತ್ತಿತ್ತು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಒಂದು ದಿನ ಪ್ರೆಸ್ಸಿನವರು ಫೋನ್ ಮಾಡಿ, "ಮೇಡಂ, ಅಂಗಡಿ ತೆರೆಯೋ ದಿನಕ್ಕೆ ಬೋರ್ಡ್ ಕೇಳಿದ್ವಿ. ಮುಚ್ಚೋ ಹೊತ್ತಿಗಾದ್ರೂ ಕೊಡ್ತೀರಾ?" ಎಂದರು. ನಾನು ಸೀದಾ ಬಂದು ನಮ್ಮವರ ಮುಂದೆ ನಿಂತೆ.

"ಈ ಮನೇಲಿ ಒಂದೋ ಇದು ಇರ್ಬೇಕು, ಇಲ್ಲ ನಾನಿರ್ಬೇಕು."

ನಮ್ಮವರ ಮುಖ ಅರಳಿತು. "ಹೊಸ ಕಂಪ್ಯೂಟರ್ ಯಾಕೆ? ಪ್ರೊಸೆಸರ್ ಒಂದು ಬದಲಾಯಿಸಿದ್ರೆ ಆಯ್ತು. ಡಬ್ಬ ಅದೇ, ಒಳಗಿನ ಬೋರ್ಡೂ ಅದೇ. ಮಿದುಳು ಮಾತ್ರ ಬೇರೆ."

"ಅತ್ತೆ ಒಪ್ತಾರಾ?"

ಅದೇ ಇದ್ದದ್ದು ತೊಡಕು. ನಡೆಯುತ್ತಿರುವ ಗಾಡಿಗೆ ಕೈ ಹಾಕಬಾರದು ಎನ್ನುವವರು ಅತ್ತೆ. ಹಿಂದೊಮ್ಮೆ ಮಗರಾಯ ಮಿಕ್ಸಿಯನ್ನು ರಿಪೇರಿ ಮಾಡಿದ್ದು, ಅದು ಅಡುಗೆ ಕಟ್ಟೆಯ ಮೇಲೆ ತಾನೇ ನಡೆದುಕೊಂಡು ಹೋಗಿ ಕೆಳಗೆ ಬಿದ್ದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಅವರು ಏನನ್ನೂ ಮರೆಯುವವರಲ್ಲ. ಮರೆಯಬಾರದು ಎನ್ನುವುದೇ ಅವರ ದೊಡ್ಡ ಹಟ.

ಅದಕ್ಕೆ ಕಾರಣವಿತ್ತು. ಅತ್ತೆಯ ಅಕ್ಕ ಕೊನೆಗಾಲದಲ್ಲಿ ಒಂದೊಂದಾಗಿ ಎಲ್ಲ ಮರೆತರು. ಮೊದಲು ಇಸ್ಪೀಟಿನಲ್ಲಿ ಸೋಲತೊಡಗಿದರು. ಆಮೇಲೆ ಮನೆಯ ದಾರಿ ತಪ್ಪಿತು. ಆಮೇಲೊಂದು ದಿನ, ತಲೆ ಬಾಚುತ್ತಿದ್ದ ಸ್ವಂತ ತಂಗಿಯನ್ನೇ "ನೀವು ಯಾರ ಮನೆಯವರು?" ಎಂದು ಕೇಳಿದರು. ಅತ್ತೆ ಚದುರಂಗ ಕಲಿತದ್ದು ಅದಾದ ಮೇಲೆ. ಕಂಪ್ಯೂಟರ್ ಒಂದೊಂದು ನಡೆಗೆ ಹತ್ತು ಸೆಕೆಂಡ್ ಯೋಚಿಸುವ ಹಾಗೆ ಇಟ್ಟುಕೊಂಡಿದ್ದರು. ಮೊದಮೊದಲು ಸೋತರು, ಬರಬರುತ್ತ ಸಮಸಮ ಆದರು, ಈಚೆಗೆ ಗೆಲ್ಲುವುದೇ ಹೆಚ್ಚಾಗಿತ್ತು. ಗೆದ್ದ ದಿನ ಅಡುಗೆಮನೆಗೆ ಕೇಳುವಂತೆ, "ಇವತ್ತೂ ತಲೆ ನೆಟ್ಟಗಿದೆ" ಎನ್ನುತ್ತಿದ್ದರು. ಬೇರೆಯವರು ಸಕ್ಕರೆ, ಬಿಪಿ ನೋಡಿಸಿಕೊಂಡರೆ ಇವರದು ಈ ಪರೀಕ್ಷೆ.

ಹಾಗಾಗಿ ಅವರಿಲ್ಲದ ಹೊತ್ತು ನೋಡಿ ಕೆಲಸ ಮುಗಿಸುವುದೆಂದು ನಾವಿಬ್ಬರೂ ಮಾತಾಡಿಕೊಂಡೆವು. ಪಕ್ಕದ ಮನೆಯ ನರ್ಸಮ್ಮನ ಜೊತೆ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋದ ಮಧ್ಯಾಹ್ನ ನಮ್ಮವರು ಪೊಟ್ಟಣ ಬಿಚ್ಚಿದರು. ಬಿಸ್ಕತ್ತಿನಷ್ಟಗಲದ ಒಂದು ಚೌಕ.

"ಇಷ್ಟೇನಾ?" ಎಂದೆ.

"ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು. ನೋಡ್ತಿರು."

ಡಬ್ಬದ ಪಕ್ಕದ ಹಲಗೆ ತೆಗೆದರೆ ಒಳಗೆ ಹಾಸಿಗೆ ಹಾಸುವಷ್ಟು ಧೂಳು. ಫ್ಯಾನನ್ನೂ ಅದರಡಿಯ ಲೋಹದ ಗಟ್ಟಿಯನ್ನೂ ಎತ್ತಿದಾಗ, ಶಾಖ ಹೀರಲೆಂದು ಸವರಿದ್ದ ಹಳೆಯ ಪೇಸ್ಟು ಒಣಗಿ ಸುಣ್ಣವಾಗಿತ್ತು. ನಮ್ಮವರು ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪಕ್ಕದ ಸಣ್ಣ ಸರಳನ್ನು ಮೇಲೆತ್ತಿ, ಹಳೆಯ ಪ್ರೊಸೆಸರ್ ತೆಗೆದು, ಮೂಲೆಯ ಗುರುತು ನೋಡಿಕೊಂಡು ಹೊಸದನ್ನು ಕೂರಿಸಿದರು. ಅಷ್ಟೂ ಹೊತ್ತು ಗೇಟಿನ ಕಡೆ ಕಿವಿಯಿಟ್ಟು ನಿಂತವಳು ನಾನು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹೊಸ ಪೇಸ್ಟನ್ನು ಒಂದು ಕಾಳಿನಷ್ಟು ಹಾಕಿ ಎಂದು ಅಂಗಡಿಯವನು ಹೇಳಿದ್ದನಂತೆ. ಇವರು ಬ್ರೆಡ್ಡಿಗೆ ಜಾಮ್ ಸವರಿದಂತೆ ಸವರಿದರು.

ಗುಂಡಿ ಒತ್ತಿದರೆ ಪರದೆ ಕಪ್ಪು. ಇನ್ನೊಮ್ಮೆ ಒತ್ತಿದರೂ ಕಪ್ಪು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ನಾನು ಬೈಯಲು ಬಾಯಿ ತೆರೆಯುವುದಕ್ಕೂ, ಸಿಕ್ಕಿಸಲು ಮರೆತು ನೇತಾಡುತ್ತಿದ್ದ ವೈರೊಂದು ನಮ್ಮವರ ಕಣ್ಣಿಗೆ ಬೀಳುವುದಕ್ಕೂ ಸರಿಹೋಯಿತು. ಅದನ್ನು ಸಿಕ್ಕಿಸಿದೊಡನೆ ಪರದೆ ಬೆಳಗಿತು.

"ಏನೋ ಅದು, ಮತ್ತೆ ಏನು ಬಿಚ್ಚಿದೀಯ?" ಎಂದರು ಅತ್ತೆ ಬಾಗಿಲಲ್ಲೇ. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅವರಿಗೆ ಎಲ್ಲ ಮಂಜುಮಂಜು.

"ಧೂಳು ಒರೆಸ್ತಿದ್ದೆ ಅಮ್ಮ."

ಪೂರ್ತಿ ಸುಳ್ಳೇನಲ್ಲ, ಧೂಳನ್ನೂ ಒರೆಸಿದ್ದರು. ನಾನು ಪಕ್ಕದಲ್ಲಿ ನಿಂತು ಹೂಂಗುಟ್ಟಿದೆ.

ಆಮೇಲಿನ ದಿನಗಳಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಫೈಲುಗಳು ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತಿದ್ದವು. ಪ್ರೆಸ್ಸಿನವರು ನನ್ನನ್ನು ಹೊಗಳಿದರು, ನಾನು ಗಂಡನನ್ನು ಹೊಗಳಿದೆ. ಈ ಸಂಭ್ರಮದಲ್ಲಿ, ಬೆಳಗಿನ ಹೊತ್ತು ನಡುಮನೆಯಿಂದ ಬರುತ್ತಿದ್ದ ಆ ಒಂದು ಮಾತು ನಿಂತೇಹೋದದ್ದು ನನಗೆ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಸಕ್ಕರೆ, ಉಪ್ಪು, ಚಹಾಪುಡಿ.

"ಏನತ್ತೆ, ಅಂಗಡಿ ಇಡ್ತೀರಾ? ಹೇಳಿದ್ರೆ ಬೋರ್ಡು ನಾನೇ ಮಾಡ್ಕೊಡ್ತೀನಿ."

ಅತ್ತೆ ನಗಲಿಲ್ಲ. ಸೊಂಟದಿಂದ ಬೀರುವಿನ ಬೀಗದ ಕೈ ಗೊಂಚಲು ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾನು ಈ ಮನೆಗೆ ಬಂದಾಗಿನಿಂದ ಅದನ್ನು ಮುಟ್ಟಿದವಳಲ್ಲ.

"ಇನ್ಮೇಲೆ ನೀನೇ ಇಟ್ಕೊ. ಎಲ್ಲಿಟ್ಟೆ ಅಂತ ಮರೆತ್ರೆ ಕಷ್ಟ."

"ನೀವು ಮರೆಯೋದಾ?"

"ದಿನಾ ಸೋಲ್ತಿದೀನಿ. ಮೊದ್ಲು ಕಾಣ್ತಿದ್ದ ನಡೆ ಈಗ ಕಾಣೋದೇ ಇಲ್ಲ. ಅಕ್ಕಂಗೂ ಹೀಗೇ ಶುರುವಾಗಿದ್ದು." ಅತ್ತೆ ಸ್ಟೂಲಿನ ಮೇಲೆ ಕೂತು ಕೈ ಒರೆಸುವ ಬಟ್ಟೆಯನ್ನು ಮಡಿಸಿ ಬಿಚ್ಚಿ ಮಾಡಿದರು. "ಮುಂದೊಂದಿನ ನಾನು ನಿನ್ನ, ನೀವು ಯಾರು ಅಂತ ಕೇಳಿದ್ರೆ ಬೇಜಾರು ಮಾಡ್ಕೋಬೇಡ. ನೆನಪಿರೋವಾಗ್ಲೇ ಹೇಳ್ಬಿಡ್ತೀನಿ. ನಿನ್ನ ಬಾಯಿ ಜೋರು. ಆದ್ರೂ ನಿನ್ನಂಥ ಸೊಸೆ ಸಿಕ್ಕಿದ್ದು ನನ್ನ ಪುಣ್ಯ. ಹೊಟ್ಟೇಲಿ ಹುಟ್ಟಿದ ಮಗಳಿದ್ದಿದ್ರೂ ಇಷ್ಟು ನೋಡ್ಕೋತಿರ್ಲಿಲ್ಲ."

ಅವರ ಬಾಯಿಂದ ಒಂದು ಒಳ್ಳೆಯ ಮಾತು ಬರಲೆಂದು ನಾನು ಎಷ್ಟೋ ವರ್ಷ ಕಾದಿದ್ದೆ. ಅದು ಬಂದದ್ದು ಹೀಗೆ. ನನಗೆ ಭಯವಾಯಿತು. "ಏನೇನೋ ಮಾತಾಡ್ಬೇಡಿ" ಎಂದು ಗದರಿ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡೆ.

ಆ ಸಂಜೆ ಅತ್ತೆ ಬೇಗ ಉಂಡು ನಡುಮನೆಯಲ್ಲಿ ಕೂತಿದ್ದರು. ನಾವಿಬ್ಬರೂ ಊಟಕ್ಕೆ ಕೂತಾಗ ನಮ್ಮವರು ತಮ್ಮ ಕೈಚಳಕವನ್ನು ತಾವೇ ಕೊಂಡಾಡಿಕೊಳ್ಳುತ್ತಿದ್ದರು. "ಹಳೇದು ಒಂದು ಲೆಕ್ಕ ಮಾಡೋ ಹೊತ್ತಿಗೆ ಇದು ನಾಲ್ಕು ಮುಗಿಸಿರುತ್ತೆ, ಗೊತ್ತಾ?"

ನನ್ನ ತುತ್ತು ಬಾಯಿಯ ಹತ್ತಿರವೇ ನಿಂತಿತು. ನಡೆಗೆ ಹತ್ತು ಸೆಕೆಂಡ್. ಅಷ್ಟೇ ಹೊತ್ತಿನಲ್ಲಿ ಈಗ ಅದು ನಾಲ್ಕು ಪಟ್ಟು ಯೋಚಿಸುತ್ತಿದೆ. ಅತ್ತೆಯ ತಲೆಗೆ ಏನೂ ಆಗಿಲ್ಲ. ಎದುರಾಳಿಯ ತಲೆಯನ್ನು ನಾವು ಬದಲಾಯಿಸಿದ್ದೇವೆ.

"ರೀ, ಏಳಿ. ಕೈ ತೊಳ್ಕೊಂಡು ಬಂದು ನಿಮ್ಮಮ್ಮಂಗೆ ನಿಜ ಹೇಳಿ."

ನಮ್ಮವರು ಹೇಳಿದರು. ಬಿಟ್ಟದ್ದನ್ನು ನಾನು ಸೇರಿಸಿದೆ. ಅತ್ತೆ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು.

"ನನ್ನ ಸಮಾಧಾನಕ್ಕೆ ಕತೆ ಕಟ್ತಿದೀರಿ. ಅಕ್ಕಂಗೆ ನಾನೂ ಹೀಗೇ ಹೇಳ್ತಿದ್ದೆ. ಇಸ್ಪೀಟಿನ ಎಲೆ ಹಳೇದಾಗಿ ಅಂಟ್ಕೋತಿದೆ, ಅದಕ್ಕೇ ಸೋಲ್ತಿದೀಯ ಅಂತ."

ಬಾಯಿಮಾತಿಗೆ ಇವರು ನಂಬುವವರಲ್ಲ. ನಾನು ನಮ್ಮವರ ಕಡೆ ತಿರುಗಿದೆ. "ಹಳೇ ಪ್ರೊಸೆಸರ್ ಎಲ್ಲಿ?"

"ಡ್ರಾಯರ್‌ನಲ್ಲಿದೆ. ಅದಕ್ಕೊಂದು ತೂತು ಹೊಡೆದು ಬೈಕಿನ ಕೀಗೆ ಸಿಕ್ಕಿಸ್ಕೊಳೋಣ ಅಂತ..."

"ಹೊಡೆದಿದೀರಾ?"

"ಇನ್ನೂ ಇಲ್ಲ."

"ಬದುಕಿದ್ರಿ."

ಮರುದಿನ ರಜೆ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನಮ್ಮವರು ಡಬ್ಬ ಬಿಚ್ಚಿದರು. ಅತ್ತೆ ಹೊಸ ಕನ್ನಡಕದಲ್ಲಿ ಎರಡೂ ಚೌಕಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಕಣ್ಣು ತಮ್ಮ ಮೇಲೇ ಇದ್ದುದರಿಂದ ಈ ಸಲ ನಮ್ಮವರು ಪೇಸ್ಟನ್ನು ಕಾಳಿನಷ್ಟೇ ಹಾಕಿದರು. ಕಂಪ್ಯೂಟರ್ ಮೊದಲಿನ ಹಾಗೇ ಆಕಳಿಸುತ್ತ ಎದ್ದಿತು, ಅತ್ತೆ ಮೌಸ್ ಹಿಡಿದರು.

ನಾನು ಅಡುಗೆಮನೆಗೆ ಹೋಗಿ ಕ್ಯಾರೆಟ್ ಹೆಚ್ಚಲು ಕೂತೆ. ಅಲ್ಲಿ ನಿಂತು ನೋಡುವ ಧೈರ್ಯವಿರಲಿಲ್ಲ. ಹಳೆಯದರ ಎದುರೂ ಸೋತರೆ? ಆಗ ಅವರ ಹೆದರಿಕೆಯೇ ನಿಜವಾಗುತ್ತದೆ, ನಮಗೆ ಹೇಳಲು ಧೂಳಿನಂಥ ಯಾವ ನೆಪವೂ ಉಳಿದಿರುವುದಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮವರು ಬಂದು ಪಿಸುಗುಟ್ಟಿದರು.

"ಆನೆ ಹೋಯ್ತು."

"ಯಾರದು?"

"ಅಮ್ಮಂದು."

ಕ್ಯಾರೆಟ್ ಮುಗಿದು ನಾನು ಸಿಪ್ಪೆ ಹೆಚ್ಚುತ್ತಿದ್ದೆ. ಮತ್ತೆ ಬಂದರು.

"ರಾಣಿ ಹೋಯ್ತು."

"ಯಾರದು? ಬೇಗ ಹೇಳ್ರೀ."

"ಕಂಪ್ಯೂಟರ್‌ದು."

ಸಿಪ್ಪೆಯೂ ಮುಗಿದು ನಾನು ಈರುಳ್ಳಿಗೆ ಕೈ ಹಾಕಿದೆ. ಕೊನೆಗೆ ನಡುಮನೆಯಿಂದ ಅತ್ತೆಯ ದನಿ ಬಂತು, ಮೊದಲಿನಷ್ಟು ಜೋರಾಗಿ ಅಲ್ಲ.

"ತಲೆ ನೆಟ್ಟಗಿದೆ."

ನಾನು ಚಾಕು ಕೆಳಗಿಟ್ಟೆ. ಅತ್ತೆ ಆಗಲೇ ಮಗನಿಗೆ, "ಈಗ ಆ ಹೊಸದನ್ನೇ ಹಾಕು" ಎನ್ನುತ್ತಿದ್ದರು.

"ಮತ್ತೆ ಸೋಲ್ತೀಯಲ್ಲಮ್ಮ?"

"ಸೋಲ್ತೀನಿ ಬಿಡು. ಅದಕ್ಕೆ ಬುದ್ಧಿ ಜಾಸ್ತಿಯಾಗಿ ಸೋತ್ರೆ ನಂಗೇನು ಭಯ? ಕಲ್ತುಕೊಂಡು ಗೆಲ್ತೀನಿ. ಇವಳ ಕೆಲಸಾನೂ ಆಗ್ಬೇಕಲ್ಲ."

ಅಡುಗೆಮನೆಗೆ ಬಂದವರೇ ನನ್ನ ಮುಂದೆ ಕೈ ಚಾಚಿದರು. "ಬೀಗದ ಕೈ."

ಕೊಟ್ಟೆ. ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಡಬ್ಬಿಗಳ ಚೀಟಿಯನ್ನು ಒಂದೊಂದಾಗಿ ಕೀಳತೊಡಗಿದರು. ನನಗೆ ಸುಮ್ಮನಿರಲಾಗಲಿಲ್ಲ.

"ಅತ್ತೆ, ನಿನ್ನೆ ನನ್ನ ಬಗ್ಗೆ ಏನೋ ಅಂದ್ರಲ್ಲ. ಪುಣ್ಯ, ಮಗಳು ಅಂತೆಲ್ಲ. ಇನ್ನೊಂದ್ಸಲ ಹೇಳಿ."

ಅತ್ತೆ ಸಕ್ಕರೆ ಡಬ್ಬಿ ಹಿಡಿದುಕೊಂಡೇ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ನಿನ್ನೆನಾ? ನಂಗೇನೂ ನೆನಪಿಲ್ಲಮ್ಮ."

ನನಗೆ ಇಷ್ಟು ಸಂತೋಷ ಕೊಟ್ಟ ಮರೆವು ಇನ್ನೊಂದಿಲ್ಲ.