ಕೊರಮೀನಿನ ಸಾಕ್ಷಿ

ಅಮ್ಮಂದಿರೇ, ಅಕ್ಕಂದಿರೇ, ನಿಮ್ಮನೆ ಕುಡಿಯೋ ನೀರು ಒಳ್ಳೇದು ಅಂತ ನಿಮಗೆ ಹೇಳಿದ್ದು ಯಾರು? ಅದನ್ನ ಯೋಚಿಸ್ತಾ ಮುತ್ಯಾಲಮ್ಮನ ಕಥೆ ಕೇಳಿ.

ಚಾಮರಾಜಪೇಟೆಯ ಕೊನೇ ಬೀದಿ ದಾಟಿ ಬಸವನಗುಡಿ ಕಡೆ ಇಳಿದರೆ ಹೆಬ್ಬಂಡೆ ಕೆರೆ. ಕೆರೆಯ ನಟ್ಟನಡುವೆ ಒಂದು ದಿಬ್ಬ. ಅದರ ಮೇಲೆ ಬೆಸ್ತರ ಹದಿನಾಲ್ಕು ಮನೆ. ಸುತ್ತಲೂ ನೀರೇ ನೀರು, ಅಕ್ಕಿಪೇಟೆಗೆ ಹೋಗಿ ಸೇರಕ್ಕಿ ತರಬೇಕಂದ್ರೂ ಹರಿಗೋಲು ಹತ್ತಬೇಕು. ಮುತ್ಯಾಲಮ್ಮನ ಗಂಡ ಸೊಣ್ಣಪ್ಪ ತನ್ನ ಕೈಯಾರೆ ಬಿದಿರು ಸೀಳಿ, ತೊಗಲು ಹೊದಿಸಿ ಒಂದು ಹರಿಗೋಲು ಹೆಣೆದಿದ್ದ. ಅವರ ಮಗ ಮುನಿಕೃಷ್ಣಪ್ಪ ಮದುವೆಯಾಗಿ ಹೆಂಡತಿ ದ್ರೌಪದಮ್ಮನನ್ನ ಕರ್ಕೊಂಡು ಬಂದದ್ದು ಅದರಲ್ಲೇ. ಆಗಿನ್ನೂ ದೊಡ್ಡ ಯುದ್ಧ ನಡೀತಿತ್ತು. ಪೇಟೇಲಿ ಅಕ್ಕಿಗೆ ಬರ, ಆದರೆ ದಿಬ್ಬದಲ್ಲಿ ಮೀನಿಗೆ ಬರ ಇರಲಿಲ್ಲ. ಬಲೆ ಎಸೆದರೆ ಗೆಂಡೆ, ಎತ್ತಿದರೆ ಗೆಂಡೆ.

ಆ ದಿಬ್ಬದಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಗುಡಾಣಕ್ಕೆ ಕೆರೆ ನೀರು ತುಂಬಿ, ಬೆರಳುದ್ದದ ಗೆಂಡೆಮರಿ ಒಂದನ್ನ ಒಳಗೆ ಬಿಡೋರು. ಮಧ್ಯಾಹ್ನದವರೆಗೂ ಅದು ಆಡಿಕೊಂಡಿದ್ದರೆ ಆ ನೀರು ಕುಡಿಯೋಕೆ. ಇಲ್ಲ ಅಂದ್ರೆ ಚೆಲ್ಲಿಬಿಡೋರು. "ಮೀನು ಬದುಕೋ ನೀರು ಮನುಷ್ಯನ್ನ ಕೊಲ್ಲುತ್ತಾ?" ಅನ್ನೋಳು ಮುತ್ಯಾಲಮ್ಮ.

ಯುದ್ಧ ಮುಗೀತು. ಸುತ್ತಮುತ್ತ ಹೊಸ ಬಡಾವಣೆಗಳೆದ್ದವು. ಮನೆ ಕಟ್ಟಿದೋರು ಮೋರಿ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಲಿಲ್ಲ, ಅದು ಕೆರೆಗೆ ಬಂತು. ಮೊದಲು ನೀರಿನ ಬಣ್ಣ ಕೆಟ್ಟಿತು, ಆಮೇಲೆ ವಾಸನೆ ಹತ್ತಿತು. ಯಾರೋ ಒಂದು ಕಡೆ ಮಣ್ಣು ಸುರಿದು ದಿಬ್ಬಕ್ಕೆ ದಾರಿ ಮಾಡಿದರು. ಸೊಣ್ಣಪ್ಪ ತೀರಿಹೋದ, ಅವನ ಹರಿಗೋಲು ಗೋಡೆ ಪಕ್ಕ ಬೋರಲು ಬಿತ್ತು. ಒಂಬತ್ತು ಮನೆಯೋರು ಬಲೆ ಮಡಚಿಟ್ಟು, ದಿಬ್ಬ ಬಿಟ್ಟು ಕಾಟನ್‌ಪೇಟೇಲಿ ಮೂಟೆ ಹೊರೋಕೆ ಹೋದರು. ಗೆಂಡೆ ಮೀನು ಯಾವಾಗ ಕಾಣೆಯಾಯ್ತು ಅಂತ ಯಾರಿಗೂ ಸರಿಯಾಗಿ ಜ್ಞಾಪಕ ಇಲ್ಲ. ಬಲೆಗೆ ಕೊರಮೀನು ಮಾತ್ರ ಬೀಳ್ತಿತ್ತು. ಮುತ್ಯಾಲಮ್ಮ ಪದ್ಧತಿ ಬಿಡೋಳೇ? ಗೆಂಡೆ ಸಿಗದೆ ಗುಡಾಣಕ್ಕೆ ಕೊರಮೀನು ಮರಿ ಬಿಟ್ಟಳು. ಅದು ಚೆನ್ನಾಗಿಯೇ ಆಡಿಕೊಂಡಿತ್ತು.

ಎರಡು ವರ್ಷದ ಕೆಳಗೆ ಆಷಾಢದಲ್ಲಿ ಮೊಮ್ಮಗಳು ತುಳಸಿಗೆ ವಾಂತಿಭೇದಿ ಹತ್ತಿತು. ನಾಲ್ಕು ವರ್ಷದ ಕೂಸು, ಎರಡೇ ದಿನದಲ್ಲಿ ಕೈಬಿಟ್ಟು ಹೋಯ್ತು.

"ನೀರಿಂದಲೇ ಆಗಿದ್ದು ಅತ್ತೆ," ಅಂತ ದ್ರೌಪದಮ್ಮ ಅಳ್ತಾ ಹೇಳಿದಳು.

"ದೃಷ್ಟಿ ತಾಗಿದ್ದು. ಗುಡಾಣ ನೋಡು, ಮೀನು ಕುಣೀತಿದೆ," ಅಂದು ಮುತ್ಯಾಲಮ್ಮ ಸೊಸೆಯ ಬಾಯಿ ಮುಚ್ಚಿಸಿದಳು. ಅತ್ತೆ ಮಾತಿಗೆ ಎದುರಾಡೋದು ಆ ಮನೇಲಿ ಇರಲಿಲ್ಲ.

ತುಳಸಿ ಹೋದ ಮೇಲೆ ಇನ್ನೊಂದು ಹೆಣ್ಣುಮಗು ಹುಟ್ಟಿತು. ಅದಕ್ಕೆ ಆರು ತಿಂಗಳು ತುಂಬಿದ ದಿನ, ಪದ್ಧತಿ ಪ್ರಕಾರ ಅಜ್ಜಿ ಕೈಯಿಂದ ಕೆರೆ ನೀರಿನ ಮೊದಲ ಗುಟುಕು. ಮುತ್ಯಾಲಮ್ಮ ಗುಡಾಣದಿಂದ ಮಗುವಿಗೆ ಕುಡಿಸೋ ಒಳಲೆಗೆ ನೀರು ಬಗ್ಗಿಸಿಕೊಂಡು ಕೂತಳು. ದ್ರೌಪದಮ್ಮ ಮಗು ಕೊಡಲಿಲ್ಲ. ಎದೆಗೆ ಅವಚಿಕೊಂಡು ಬಾಗಿಲ ಕಡೆ ನೋಡ್ತಾ ನಿಂತಳು. ಅವಳು ಹೇಳಿಕಳಿಸಿದ್ದ ಶೈಲಜಮ್ಮ ಅಷ್ಟರಲ್ಲಿ ಬಂದರು. ಅವರು ಚಾಮರಾಜಪೇಟೆಯಿಂದ ಮನೆಮನೆಗೆ ಬಂದು ತಾಯಿ-ಮಕ್ಕಳನ್ನ ನೋಡೋ ದಾದಿ.

"ಆ ನೀರು ಕುದಿಸಿ ಆರಿಸಿ ಕೊಡಿ ತಾಯಿ," ಅಂದರು.

ಮುತ್ಯಾಲಮ್ಮನಿಗೆ ಎಲ್ಲಿಲ್ಲದ ಕೋಪ ಬಂತು. "ಕುದಿಸಿದ ನೀರು ಸತ್ತ ನೀರು. ನೀವು ಲಿಂಗ ಕಟ್ಟಿದೋರು, ಮೀನು ಮುಟ್ಟಿದೋರಲ್ಲ. ಬೆಸ್ತರಿಗೆ ನೀರಿನ ಪಾಠ ಹೇಳೋಕೆ ಬಂದ್ರಾ? ಬಗ್ಗಿ ನೋಡಿ, ಮೀನು ಹೆಂಗೆ ಆಡ್ತಿದೆ."

ಶೈಲಜಮ್ಮ ಬೇಜಾರು ಮಾಡ್ಕೊಳ್ಳಲಿಲ್ಲ. ಗುಡಾಣದೊಳಗೆ ಬಗ್ಗಿ ನೋಡಿದರು.

"ನಂಗೆ ಮೀನಿನ ವಿಷಯ ಗೊತ್ತಿಲ್ಲ ಕಣಮ್ಮ, ನೀವೇ ಹೇಳ್ಕೊಡಿ. ಇದನ್ನ ಮಾರ್ಕೆಟ್ಟಿಗೆ ಹೆಂಗೆ ಒಯ್ತೀರಿ?"

"ಒದ್ದೆ ಗೋಣೀಲಿ ಸುತ್ಕೊಂಡು."

"ನೀರಿಲ್ದೆ ಸಾಯಲ್ವಾ?"

"ಕೊರಮೀನಾ?" ಮುತ್ಯಾಲಮ್ಮ ನಕ್ಕಳು. "ಗಟ್ಟಿ ಪಿಂಡ ಅದು. ಮೇಲೆ ಬಂದು ಗಾಳಿ ಕುಡಿದು ಬದುಕುತ್ತೆ. ಕೆಸರಲ್ಲಿ ಹಾಕಿ, ಮೋರೀಲಿ ಹಾಕಿ, ಅದಕ್ಕೇನೂ ಆಗಲ್ಲ. ಗೆಂಡೆ ಹಂಗಲ್ಲ. ನೀರು ಒಂಚೂರು ಕೆಟ್ಟರೂ ಗೆಂಡೆ ಹೊಟ್ಟೆ ಮೇಲೆ ಮಾಡ್ಕೊಂಡು..."

ಮಾತು ಅಲ್ಲಿಗೇ ನಿಂತಿತು. ಮುತ್ಯಾಲಮ್ಮ ಗುಡಾಣದಲ್ಲಿ ಆಡೋ ಕೊರಮೀನು ನೋಡಿ, ಒಳಲೆಯ ನೀರನ್ನ ನೆಲಕ್ಕೆ ಸುರಿದಳು.

ಆಮೇಲೆ ಸೊಸೆಯ ಮುಖ ನೋಡಿದಳು. "ನಂಗೆ ಗೊತ್ತಿತ್ತಲ್ಲೇ," ಅಂದಳು. "ಹುಟ್ಟಿದಾಗಿಂದ ಗೊತ್ತಿತ್ತು. ಗೊತ್ತಿದ್ದೂ ತುಳಸಿಗೆ ಇದೇ ನೀರು ಕುಡಿಸಿದ್ನಲ್ಲ."

ದ್ರೌಪದಮ್ಮ ಅತ್ತೆ ಪಕ್ಕದಲ್ಲಿ ಕೂತು ಅತ್ತಳು.

"ಕೆರೆ ಕೆಡಿಸಿದ್ದು ನೀವಲ್ಲಮ್ಮ," ಅಂದರು ಶೈಲಜಮ್ಮ. "ಆದ್ರೆ ಇನ್ಮೇಲೆ ಗೆಂಡೆ ಬದುಕಿದ್ರೂ ನಂಬಬೇಡಿ. ನಮ್ಮ ಕಾಯಿಲೆ ಮೀನಿಗೆ ಬರಲ್ಲ, ಅದನ್ನ ತರೋ ಹುಳ ನಮ್ಮ ಕಣ್ಣಿಗೆ ಕಾಣಲ್ಲ. ನೀರು ಕೊತಕೊತ ಕುದೀಲಿ. ಮುಚ್ಚಿಟ್ಟು ಆರಿಸಿ. ಕೈ ಅದ್ದಬೇಡಿ, ಹಿಡಿ ಇರೋ ಸೌಟಲ್ಲಿ ಬಗ್ಗಿಸ್ಕೊಳ್ಳಿ. ವಾಂತಿಭೇದಿ ಶುರುವಾದ್ರೆ ದೃಷ್ಟಿ ತೆಗೀತಾ ಕೂರದೆ ಆಸ್ಪತ್ರೆಗೆ ಬಂದ್ಬಿಡಿ. ನಲ್ಲಿ ನೀರು ಕೊಡಿ ಅಂತ ಐದು ಮನೆಯೋರೂ ಸೇರಿ ಅರ್ಜಿ ಹಾಕಿ, ನಾನೇ ಬರ್ಕೊಡ್ತೀನಿ."

ಮುನಿಕೃಷ್ಣಪ್ಪ ಬಾಗಿಲಲ್ಲಿ ನಿಂತು ಎಲ್ಲಾ ಕೇಳ್ತಿದ್ದ. "ದಿನಾ ಕುದಿಸೋಕೆ ಸೌದೆ ಎಲ್ಲಿ? ದಿಬ್ಬದಲ್ಲಿ ಒಂದು ಕಡ್ಡೀನೂ ಉಳಿದಿಲ್ಲ," ಅಂದ.

ಮುತ್ಯಾಲಮ್ಮ ಎದ್ದು ಹೊರಗೆ ಹೋದಳು. ಗೋಡೆ ಪಕ್ಕದ ಹರಿಗೋಲಿನ ಮೇಲೆ ಕೈ ಇಟ್ಟಳು.

"ತೊಗಲು ಬಿಚ್ಚು, ಬಿದಿರು ಕಡಿ," ಅಂದಳು ಮಗನಿಗೆ.

"ಅಪ್ಪ ಹೆಣೆದಿದ್ದಲ್ಲಮ್ಮ."

"ಅದು ತೇಲೋ ಕೆರೆ ಹೋಯ್ತಲ್ಲೋ. ಮಗು ಆದ್ರೂ ಉಳೀಲಿ."

ಆ ಬಿದಿರಿನ ಉರಿಯಲ್ಲಿ ಮೊದಲ ಗಡಿಗೆ ಕುದೀತು. ಆರಿದ ಮೇಲೆ ಅಜ್ಜಿಯೇ ಗುಟುಕು ಹಾಕಿದಳು, ಮಗು ಚಪ್ಪರಿಸಿ ಕುಡೀತು. ಹರಿಗೋಲು ಹತ್ತು ದಿನದ ಸೌದೆಯಾಯ್ತು. ಆಮೇಲೆ ಮುನಿಕೃಷ್ಣಪ್ಪ ಪೇಟೆಯಿಂದ ಬರೋವಾಗ ತರಗು, ಮರದ ಹೊಟ್ಟು ತರೋದು ರೂಢಿ ಮಾಡ್ಕೊಂಡ. ಮಗು ಈಗ ಓಡಾಡುತ್ತೆ. ಅಕ್ಕಪಕ್ಕದೋರು ಬಂದು, "ಕುದಿಸೋದು ಅಷ್ಟೊಂದು ಕಷ್ಟಾನಾ ಮುತ್ಯಾಲಮ್ಮ?" ಅಂತ ಕೇಳಿದರೆ ಅವಳು ಒಂದೇ ಮಾತು ಹೇಳ್ತಾಳೆ: "ಕಷ್ಟ ಏನೂ ಇಲ್ಲ. ಅದಕ್ಕೇ ನಂಗೆ ಸಂಕಟ."

ಕೇಳಿದ್ರಲ್ಲ ತಾಯಂದಿರೇ. ನಿಮ್ಮ ಗುಡಾಣದಲ್ಲಿ ಕೊರಮೀನು ಇಲ್ಲದೆ ಇರಬಹುದು. "ನೀರು ತಿಳಿಯಾಗಿದೆ," "ನಮ್ಮಜ್ಜನೂ ಇದನ್ನೇ ಕುಡಿದ," "ಇಷ್ಟು ದಿನ ಏನೂ ಆಗಿಲ್ಲವಲ್ಲ" ಅನ್ನೋ ಮಾತಿದೆ ನೋಡಿ, ಅದೂ ಅಂಥದೇ ಸುಳ್ಳು ಸಾಕ್ಷಿ. ಅಜ್ಜ ಕುಡಿದ ಕೆರೆ ಈಗಿಲ್ಲ. ಇವತ್ತೇ ಒಲೆ ಮೇಲೆ ನೀರಿಡಿ. ತುಳಸಿಗೆ ಕುದಿಸಿ ಆರಿಸಿದ ಆ ಒಂದು ಲೋಟ ಸಿಗಲಿಲ್ಲ, ನಿಮ್ಮ ಮಗುವಿಗೆ ಸಿಗಲಿ.