ತೋಕಿಲುಪೆಯ ದಣಿವು, ಅತ್ತೆಯ ಅಪ್ಪಣೆ

"ಅಯ್ಯೋ, ಚೆನ್ನಾಗೇ ಇದ್ದೀಯಲ್ಲ!"

ಈ ಮಾತು ಕೇಳಿ ಕೇಳಿ ಟೊಂಗಾ ದ್ವೀಪದ ತೋಕಿಲುಪೆಗೆ ಸಾಕಾಗಿಹೋಗಿತ್ತು. ಬೆಳಿಗ್ಗೆ ಬ್ರೆಡ್ಡು ತರಲು ಹೋದರೆ ಅಂಗಡಿಯವನು ಅಂದ. ದಾರಿಯಲ್ಲಿ ಸಿಕ್ಕ ಪಾದ್ರಿಯ ಹೆಂಡತಿ ಅಂದಳು. ಮನೆಯಲ್ಲಿ ಗಂಡ ಸಿತಾಲೇಕಿಯಂತೂ ದಿನಾ ಅನ್ನುತ್ತಿದ್ದ. ಅವರಿಗೇನು, ಅಂದು ಮುಂದೆ ಹೋಗುತ್ತಾರೆ. ಮಧ್ಯಾಹ್ನವಾಗುವಷ್ಟರಲ್ಲಿ ಒದ್ದೆ ಬಟ್ಟೆ ಹಿಂಡಿದಂತೆ ಮೈಯಲ್ಲಿನ ಶಕ್ತಿಯೆಲ್ಲ ಇಳಿದುಹೋಗುವುದು ಅವಳಿಗೆ ತಾನೇ ಗೊತ್ತು?

ಮೂರು ತಿಂಗಳ ಹಿಂದೆ ತೆಂಗಿನಕಾಯಿ ತುರಿಯುತ್ತಾ ಕೂತಿದ್ದಾಗ ಅವಳ ಬಲಗೈ ಇದ್ದಕ್ಕಿದ್ದಂತೆ ಬಲ ಸೋತು ಜೋತು ಬಿದ್ದಿತ್ತು. ಬಾಯಿ ಒಂದು ಕಡೆಗೆ ಜಾರಿತ್ತು. ಮಾತಾಡಲು ಹೋದರೆ ಬರೀ ತೊದಲು. ಟ್ರಕ್ಕಿಗೆ ಹತ್ತಿಸಿ ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಎಲ್ಲ ಸರಿಹೋಗಿತ್ತು. "ಇದು ಮಿನಿ ಸ್ಟ್ರೋಕ್. ಸದ್ಯಕ್ಕೆ ಹೋಗಿದೆ. ಆದರೆ ಮುಂದೆ ದೊಡ್ಡದು ಬರಬಹುದು. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ, ತೋರಿಸಿಕೊಳ್ಳೋಕೆ ಬರ್ತಾ ಇರಿ" ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಮನೆಯವರ ಕಿವಿಗೆ ಬಿದ್ದದ್ದು ಒಂದೇ ಮಾತು, 'ಹೋಗಿದೆ'. ಮಿಕ್ಕದ್ದೆಲ್ಲ ಗಾಳಿಗೆ ಹೋಯಿತು.

ಹೋಗಿದ್ದರೆ ಒಳ್ಳೆಯದೇ ಆಗಿತ್ತು. ಆದರೆ ಬಲಗೈ ಬೆರಳ ತುದಿ ಇನ್ನೂ ಜೋಮು ಹಿಡಿಯುತ್ತಿತ್ತು. ಒಲೆಯ ಮೇಲೆ ಮರಗೆಣಸು ಇಟ್ಟದ್ದು ಮರೆತು ಸೀಯುತ್ತಿತ್ತು. ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆ ಸಿಡಿಯುತ್ತಿತ್ತು. ಗೊತ್ತಿರುವ ಪದವೇ ಬಾಯಿಗೆ ಬರದೆ ಕಾಡಿಸುತ್ತಿತ್ತು. ಸುಮ್ಮಸುಮ್ಮನೆ ಅಳು, ಸುಮ್ಮಸುಮ್ಮನೆ ಸಿಟ್ಟು. ಗಂಡನಿಗೆ ಹೇಳಿದರೆ, "ವಯಸ್ಸಾಯ್ತು ಕಣೇ, ನಂಗೂ ಮರೆವು" ಎಂದು ಕಾವಾ ಎಂಬ ಬೇರಿನ ಪಾನಕ ಕುಡಿಯುವ ಗೆಳೆಯರ ಕಡೆಗೆ ಎದ್ದು ನಡೆಯುತ್ತಿದ್ದ.

ಇದೂ ಸಾಲದೆಂಬಂತೆ ಪೆಲೆನೈಸೆ ಇದ್ದಳು. ಸಿತಾಲೇಕಿಯ ಅಕ್ಕ. ಟೊಂಗಾದಲ್ಲಿ ಗಂಡನ ಅಕ್ಕ ಅಂದರೆ ತಮಾಷೆಯಲ್ಲ. ತಮ್ಮನ ಮನೆಯಲ್ಲಿ ಅವಳು ಬೆರಳು ತೋರಿಸಿದ ಚಾಪೆ ಅವಳದ್ದು, ಹಂದಿ ಅವಳದ್ದು. ತಮ್ಮನ ಮಕ್ಕಳಿಗೆ ಈ ಅತ್ತೆಯ ಮಾತೇ ಕೊನೆಯ ಮಾತು. ಇಲ್ಲ ಅನ್ನುವ ಹಾಗೇ ಇಲ್ಲ. ಆ ಹಕ್ಕನ್ನು ಪೆಲೆನೈಸೆ ಈಗ ಮಾತ್ರೆಗಳ ಮೇಲೂ ಚಲಾಯಿಸುತ್ತಿದ್ದಳು! ಬಂದವಳೇ ಕಪಾಟಿಗೆ ಕೈಹಾಕುವುದು, "ತಲೆ ನೋಯ್ತಿದೆ, ನಿನ್ನ ಮಾತ್ರೆ ಒಂದೆರಡು ತಗೊಂಡೆ ಕಣೇ. ಒಳ್ಳೇ ಮಾತ್ರೆ, ನಿದ್ದೆ ಬಂತು" ಎನ್ನುವುದು. ಹೋಗುವಾಗ ತನ್ನ ಯಜಮಾನರ ಮಂಡಿನೋವಿಗೆಂದು ಇನ್ನೆರಡು ಬಟ್ಟೆಯ ತುದಿಗೆ ಕಟ್ಟಿಕೊಳ್ಳುವುದು.

ತಿಂಗಳ ಮಾತ್ರೆ ಅರ್ಧ ತಿಂಗಳಿಗೇ ಮುಗಿಯುತ್ತಿತ್ತು. ಮತ್ತೆ ಕೇಳಲು ತೋಕಿಲುಪೆಗೆ ನಾಚಿಕೆ. ಏನೆಂದು ಹೇಳುವುದು? ಅದಕ್ಕೇ ಒಂದು ದಿನ ನುಂಗಿ ಒಂದು ದಿನ ಬಿಡುತ್ತಿದ್ದಳು. ಗಂಡನಾದರೂ ಹೇಳಬಹುದಿತ್ತಲ್ಲ ಎನ್ನುತ್ತೀರಾ? ಅಕ್ಕನ ಎದುರು ಮೈ, ಕಾಯಿಲೆ ಎಂದೆಲ್ಲ ತಮ್ಮನಾದವನು ಬಾಯಿಬಿಡುವಂತಿಲ್ಲ. ಅವಳು ಮುಂಬಾಗಿಲಲ್ಲಿ ಬಂದರೆ ಇವನು ಹಿತ್ತಲಿಗೆ ಇಳಿಯುತ್ತಿದ್ದ. ಅಷ್ಟು ಮರ್ಯಾದಸ್ಥ!

ಆ ಮಂಗಳವಾರ ಹೆಂಗಸರ ಸಂಘದ ಚಪ್ಪರದಲ್ಲಿ ತೊಗಟೆ ಬಡಿಯುವ ಕೆಲಸ ಜೋರಾಗಿ ನಡೆದಿತ್ತು. ಪೆಲೆನೈಸೆಯ ಮಗನ ಮದುವೆಗೆ, ಮರದ ತೊಗಟೆಯನ್ನು ಬಡಿದು ಹಿಗ್ಗಿಸಿ ಮಾಡುವ ದೊಡ್ಡ ಬಟ್ಟೆ ಆಗಬೇಕು. ಉದ್ದನೆಯ ದಿಮ್ಮಿಯ ಮುಂದೆ ಹೆಂಗಸರು ಸಾಲಾಗಿ ಕೂತು, ನೆನೆಸಿದ ತೊಗಟೆಯನ್ನು ಮರದ ಕೊಡತಿಯಿಂದ ಒಂದೇ ತಾಳದಲ್ಲಿ ಬಡಿಯುತ್ತಿದ್ದರು. ಒಬ್ಬಳು ತಾಳ ತಪ್ಪಿದರೂ ಊರಿಗೇ ಕೇಳುತ್ತದೆ. ತೋಕಿಲುಪೆ ತಪ್ಪುತ್ತಲೇ ಇದ್ದಳು.

"ಏನೇ, ನಿದ್ದೆ ಬಂತಾ?" ಎಂದಳು ಪೆಲೆನೈಸೆ. "ಬೇರೆಯವರ ಮನೆ ಮದ್ವೆಗೆ ಹಾರಾಡ್ಕೊಂಡು ಬಡೀತಿದ್ದೆ. ನನ್ನ ಮಗನ ಮದ್ವೆ ಅಂದ್ರೆ ನಿನ್ನ ಕೈಗೆ ಜೋಮು ಹಿಡಿಯುತ್ತೆ."

"ಹಂಗಲ್ಲ ಅಕ್ಕ. ನಂಗೆ ಆ... ಅದು ಹಿಡ್ಕೊಳ್ಳೋಕೆ..." ಕೈಯಲ್ಲೇ ಇರುವ ವಸ್ತುವಿನ ಹೆಸರು ಅವಳಿಗೆ ಹೊಳೆಯಲಿಲ್ಲ. "ಅದೇ, ಈ... ಬಡಿಯೋದು..."

ಹೆಂಗಸರು ಕಿಸಕ್ಕನೆ ನಕ್ಕರು. "ಹುಟ್ಟಿದಾಗಿಂದ ಹಿಡಿದಿದ್ದೀಯ, ಹೆಸರು ಗೊತ್ತಿಲ್ವಾ?" ಎಂದಳು ಪಕ್ಕದವಳು.

ತೋಕಿಲುಪೆಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಕೈಯಲ್ಲಿದ್ದುದನ್ನು ಎತ್ತಿ ಚಪ್ಪರದಾಚೆಗೆ ಎಸೆದಳು. ಮೇಯುತ್ತಿದ್ದ ಹಂದಿಯೊಂದು ಚೀರಿಕೊಂಡು ಓಡಿತು.

"ಕೊಡತಿ!" ಎಂದು ಕೂಗಿದಳು. "ಕೊಡತಿ, ಕೊಡತಿ! ಸಿಕ್ತು ನೋಡಿ, ಈಗ ನಗಿ! ಚೆನ್ನಾಗಿದ್ದೀನಂತೆ! ಎಲ್ಲಿ ಚೆನ್ನಾಗಿದ್ದೀನಿ? ಬೆರಳು ನಂದೋ ಯಾರದ್ದೋ ಗೊತ್ತಾಗಲ್ಲ. ಮಧ್ಯಾಹ್ನ ಆದ್ರೆ ನಿಂತಲ್ಲೇ ಬೀಳೋ ಹಂಗಾಗುತ್ತೆ. ಸೋಮಾರಿ ಅಂತೀರಿ. ಇನ್ನೊಂದು ಸಲ ಬಂದ್ರೆ ಎದ್ದೇಳಲ್ಲ ಅಂತ ದಿನಾ ಹೆದರ್ಕೊಂಡು ಮಲಗ್ತೀನಿ. ಅದು ಬರದೇ ಇರೋಕೆ ಕೊಟ್ಟ ಮಾತ್ರೇನ ಅಕ್ಕ ಬಂದು ಕಡ್ಲೆಕಾಯಿ ಹಂಗೆ ತಿಂದು ಹೋಗ್ತಾರೆ!"

ಕೊಡತಿಗಳೆಲ್ಲ ನಿಂತವು. ಗಂಡನ ಅಕ್ಕನಿಗೆ, ಅದೂ ನಾಲ್ಕು ಜನರ ಎದುರು, ಹೀಗೆ ಯಾರೂ ಅಂದದ್ದಿಲ್ಲ. ಪೆಲೆನೈಸೆಯ ಮುಖ ಕೆಂಪಾಯಿತು. ತೋಕಿಲುಪೆ, ಅಂದದ್ದು ತಾನೇ ಎಂದು ನಂಬಲಾಗದೆ, ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು.

ತಾಳ ನಿಂತದ್ದು ರಸ್ತೆಯಾಚೆಯ ಆರೋಗ್ಯ ಕೇಂದ್ರಕ್ಕೂ ಗೊತ್ತಾಯಿತು. ನರ್ಸ್ ಫುಸಿ ಓಡಿ ಬಂದಳು. ಅವಳೂ ಇದೇ ಊರಿನವಳು, ರಜೆ ಇದ್ದಾಗ ಇದೇ ದಿಮ್ಮಿಗೆ ಕೂರುವವಳು. ಏನಾಯಿತೆಂದು ಕೇಳಿ ತಿಳಿದು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ತೋಕಿಲುಪೆ, ಮಾತ್ರೆ ಮುಗೀತು ಅಂತ ನಂಗ್ಯಾಕೆ ಹೇಳ್ಲಿಲ್ಲ? ನಿನಗೂ ಬೈಗುಳ ಇದೆ, ಆಮೇಲೆ. ಪೆಲೆನೈಸೆ ಅಕ್ಕ, ಅದೇನು ಮಾತ್ರೆ ಅಂತ ಗೊತ್ತಾ ನಿಮಗೆ?"

"ತಲೆನೋವಿನದ್ದು."

"ಒಂದು ಬಿ.ಪಿ.ದು. ಇನ್ನೊಂದು ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋದು. ಡಾಕ್ಟರು ಹೇಳದೇ ನೀವು ನುಂಗಿದ್ರೆ ಹೊಟ್ಟೇಲಿ ರಕ್ತ ಒಸರಬಹುದು. ಇವಳು ನುಂಗದೇ ಬಿಟ್ರೆ ಮಿದುಳಿಗೆ ಹೋಗೋ ರಕ್ತ ನಿಲ್ಲಬಹುದು. ಒಂದು ಮಾತ್ರೆಯಿಂದ ಇಬ್ಬರಿಗೂ ಕುತ್ತು. ಚಾಪೆ ಕೇಳಿ, ಹಂದಿ ಕೇಳಿ, ಯಾರೂ ಬೇಡ ಅನ್ನಲ್ಲ. ಮಾತ್ರೆ ಕೇಳ್ಬೇಡಿ ತಾಯಿ!"

ಪೆಲೆನೈಸೆ ಅಷ್ಟು ಸುಲಭಕ್ಕೆ ಸೋಲುವವಳಲ್ಲ. "ಹೋಯ್ತು ಅಂತ ಡಾಕ್ಟರೇ ಅಂದ್ರಲ್ಲ? ಹೋದಮೇಲೆ ಸುಸ್ತು ಯಾಕೆ? ನಮ್ಮ ಕಣ್ಣಿಗೇನೂ ಕಾಣಲ್ಲಪ್ಪ."

"ಕಾಣೋದು ಹೋಯ್ತು ಅಕ್ಕ. ಒಳಗೆ ಮಿದುಳಿಗೆ ಪೆಟ್ಟು ಬಿದ್ದಿತ್ತಲ್ಲ? ಎಷ್ಟೋ ಜನಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಸುಸ್ತು ಇರುತ್ತೆ. ಮರೆವು, ಜೋಮು, ಮಾತು ತಡವರಿಸೋದು, ಈಗ ನೋಡಿದ್ರಲ್ಲ, ಆ ಅಳು, ಆ ಸಿಟ್ಟು. ನಾಟಕ ಅಲ್ಲ, ಸೋಮಾರಿತನ ಅಲ್ಲ. ಡಾಕ್ಟರಿಗೆ ಇದನ್ನೂ ಹೇಳ್ಬೇಕು. ಕೈಗೆ ವ್ಯಾಯಾಮ ಇದೆ, ಮಾತಿಗೂ ಅಭ್ಯಾಸ ಇದೆ. ಸುಸ್ತಾಗೋಕೆ ಮುಂಚೆ ಮಲಗಬೇಕು, ಬಿದ್ದಮೇಲಲ್ಲ."

"ಸಿಟ್ಟೂ ಕಾಯಿಲೇನಾ?"

"ಅರ್ಧ ಕಾಯಿಲೆ," ಎಂದಳು ಫುಸಿ. "ಇನ್ನರ್ಧ ನೀವು ಬರಿಸಿದ್ದು."

ಯಾರೋ ಒಬ್ಬಳಿಗೆ ನಗು ತಡೆಯಲಾಗಲಿಲ್ಲ. ಪೆಲೆನೈಸೆ ಮಾತ್ರ ನಗಲಿಲ್ಲ. ಫುಸಿ ಕೇಂದ್ರದಿಂದ ಯಂತ್ರ ತರಿಸಿ, ಅಲ್ಲೇ ಪೆಲೆನೈಸೆಯ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. ಏರಿತ್ತು. "ನಾಳೆ ಬನ್ನಿ, ಇನ್ನೊಂದ್ಸಲ ನೋಡ್ತೀನಿ. ಬೇಕಾದ್ರೆ ಡಾಕ್ಟರು ನಿಮ್ಮದೇ ಮಾತ್ರೆ ಬರೀತಾರೆ. ಡಬ್ಬದ ಉಪ್ಪುಮಾಂಸಾನೂ ಕಮ್ಮಿ ಮಾಡಿ" ಎಂದಳು.

ಪೆಲೆನೈಸೆ ತೋಳಿನ ಪಟ್ಟಿ ಬಿಚ್ಚಿ ಕೊಟ್ಟಳು. ಆಮೇಲೆ ತೋಕಿಲುಪೆಯ ಪಕ್ಕ ಬಂದು ಕೂತು, ಅವಳ ಬಲಗೈ ಬೆರಳನ್ನು ಹಿಡಿದು ಒತ್ತಿದಳು. "ಇದು ಗೊತ್ತಾಗುತ್ತಾ?"

"ಸ್ವಲ್ಪ."

"ಇದು?"

"ಇಲ್ಲ ಅಕ್ಕ."

ಪೆಲೆನೈಸೆಯ ಕಣ್ಣು ಒದ್ದೆಯಾಯಿತು. ಆದರೆ ಗಂಟಲಿನ ಜೋರು ಮಾತ್ರ ಹಳೆಯದೇ. ಎದ್ದು ನೇರವಾಗಿ ತಮ್ಮನ ಮನೆಗೆ ಹೋದಳು. ಅವನು ರೂಢಿಯಂತೆ ಹಿತ್ತಲಿಗೆ ಜಾರಿದ. ಅಂಗಳದಲ್ಲಿ ನಿಂತು ಹಿತ್ತಲಿಗೂ ಕೇಳುವಂತೆ ಮಕ್ಕಳಿಗೆ ಹೇಳಿದಳು: "ಅತ್ತೆ ಅಪ್ಪಣೆ ಇದು. ಇವತ್ತಿಂದ ನಿಮ್ಮಮ್ಮ ಮಧ್ಯಾಹ್ನ ಮಲಗ್ತಾಳೆ. ಆಗ ಈ ಮನೇಲಿ ಪಾತ್ರೆ ಸದ್ದೂ ಆಗಕೂಡದು. ಅವಳ ಮಾತ್ರೆಗೆ ಯಾರೂ ಕೈ ಹಾಕಕೂಡದು, ನಾನೂ ಸೇರಿ. ಅವಳಿಗೆ ಮಾತು ಸಿಗದೇ ಇದ್ರೆ ಕಾಯಿರಿ, ನಗಬೇಡಿ. ಹಿತ್ತಲಲ್ಲಿರೋರಿಗೂ ಕೇಳಿಸ್ತು ಅಂದ್ಕೊಂಡಿದ್ದೀನಿ."

ಹಿತ್ತಲಿನಿಂದ ಕೆಮ್ಮು ಕೇಳಿಸಿತು.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ. ಚರ್ಚಿನಲ್ಲಿ ಎಲ್ಲರೂ ನಿಂತು ಹಾಡುತ್ತಿದ್ದಾಗ ತೋಕಿಲುಪೆಯ ಕೈಯಿಂದ ಹಾಡಿನ ಪುಸ್ತಕ ಜಾರಿ ಬಿತ್ತು. ಬಗ್ಗಿ ಎತ್ತಲು ಹೋದರೆ ಕೈ ಮಾತು ಕೇಳಲಿಲ್ಲ. ಸಿತಾಲೇಕಿ "ಏನಾಯ್ತೇ?" ಎಂದ. ಅವಳು ಎಡಗೈ ಆಡಿಸಿ, ತೊದಲುತ್ತಾ, "ಏ... ಏನಿಲ್ಲ. ಹೋ... ಹೋಗುತ್ತೆ" ಎಂದಳು. ಅಷ್ಟು ಅನುಭವಿಸಿದವಳೇ ಹೀಗೆಂದಳು ನೋಡಿ! ಪ್ರಾರ್ಥನೆಯ ನಡುವೆ ಗಲಾಟೆ ಮಾಡುವುದು ಹೇಗೆಂದು ಸಂಕೋಚ.

ಹಿಂದಿನ ಸಾಲಿನಲ್ಲಿದ್ದ ಪೆಲೆನೈಸೆಗೆ ಸಂಕೋಚವೆಂಬುದು ಹುಟ್ಟಿನಿಂದಲೇ ಇಲ್ಲ. "ಹಾಡು ನಿಲ್ಸಿ!" ಎಂದು ಗುಡುಗಿದಳು. "ಪಾದ್ರಿಗಳೇ, ದೇವರು ಕಾಯ್ತಾನೆ, ಇದು ಕಾಯಲ್ಲ. ಟ್ರಕ್ ಯಾರದ್ದಿದೆ ಹೊರಗೆ?"

ಅರ್ಧ ದಾರಿಯಲ್ಲಿ ತೋಕಿಲುಪೆಯ ಬೆರಳುಗಳು ಆಡಿದವು, ಮಾತೂ ಮರಳಿತು. "ಸರಿಹೋಯ್ತು ಅನ್ಸುತ್ತೆ," ಎಂದು ಟ್ರಕ್ ಓಡಿಸುತ್ತಿದ್ದ ಸಿತಾಲೇಕಿ ವೇಗ ಕಡಿಮೆ ಮಾಡಿದ. "ವಾಪಸ್ ಹೋಗೋಣ್ವಾ?"

ಪೆಲೆನೈಸೆ ಹಿಂದಿನಿಂದ ಟ್ರಕ್ಕಿನ ತಗಡಿಗೆ ಗುದ್ದಿದಳು. "ಓಡ್ಸೋ!"

ಆಸ್ಪತ್ರೆಯಲ್ಲಿ ಆಗಲೇ ತಪಾಸಣೆ ಮಾಡಿದರು. ಎದೆಬಡಿತವೇ ಆಗಾಗ ತಾಳ ತಪ್ಪುತ್ತಿದೆ, ಅದರಿಂದ ರಕ್ತ ಹೆಪ್ಪುಗಟ್ಟಿ ಮಿದುಳಿನ ಕಡೆ ಹೋಗುತ್ತಿದೆ ಎಂದು ಗೊತ್ತಾಯಿತು. ಮಾತ್ರೆ ಬದಲಾಯಿಸಿದರು. ವಾಪಸ್ ಹೋಗಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮುಂದಿನ ಪೆಟ್ಟಿಗೆ ಅವಳ ಮಾತೇ ಹೋಗಿಬಿಡಬಹುದಿತ್ತು. ಸಿತಾಲೇಕಿ ಅಂದು ಮೊದಲ ಬಾರಿಗೆ ಅಕ್ಕನ ಎದುರೇ ಹೆಂಡತಿಯ ಕೈ ಹಿಡಿದುಕೊಂಡು ಕೂತ. ಅಕ್ಕ ಬೇರೆ ಕಡೆ ನೋಡಿದಳು.

ತೋಕಿಲುಪೆಯ ದಣಿವು ಇನ್ನೂ ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು ತೊಗಟೆ ಬಡಿಯುತ್ತಾಳೆ, ಸಾಕೆನಿಸಿದರೆ ಎದ್ದು ಹೋಗುತ್ತಾಳೆ. ಯಾರೂ ಕಾರಣ ಕೇಳುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ಟೊಂಗಾ ದೂರವಿರಬಹುದು, ಈ ಕಾಯಿಲೆ ದೂರವಿಲ್ಲ. ಬಾಯಿ ಸೊಟ್ಟಗಾದರೆ, ಕೈಕಾಲು ಬಲ ಕಳೆದುಕೊಂಡರೆ, ಮಾತು ತೊದಲಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೇ ಸರಿಹೋದರೂ ಗಾಡಿ ತಿರುಗಿಸಬೇಡಿ. ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹಂಚಿಕೊಳ್ಳಬೇಡಿ. ಉಳಿದುಕೊಂಡ ಸುಸ್ತು, ಜೋಮು, ಮರೆವನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ನಿಮ್ಮ ಮನೆಯಲ್ಲಿ ಇಂಥ ಪೆಟ್ಟು ತಿಂದು 'ಸರಿಹೋದವರು' ಯಾರಾದರೂ ಇದ್ದರೆ, ಇವತ್ತೇ ಅವರ ಪಕ್ಕ ಕೂತು, ನಿಜವಾಗಿ ಹೇಗಿದ್ದೀಯ ಎಂದು ಕೇಳಿ. ಕೇಳಿದ ಮೇಲೆ ಅವರು ಹೇಳಿ ಮುಗಿಸುವವರೆಗೂ ಏಳಬೇಡಿ.